ಕಾರು ಅಂಗಳಕ್ಕೋ, ದಾರಿಗೋ?



ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿದು ಊಟದ ಕೊನೆಯ ಪಂಕ್ತಿ ಏಳುತ್ತಿದ್ದ ಹೊತ್ತು. ಪಂತ್‌ನಗರದ ಸ್ನೇಹಿತರೊಬ್ಬರ ಮಗ ಮೊಬೈಲ್ ಹಿಡಿದುಕೊಂಡು ನನ್ನ ಪಕ್ಕ ಬಂದು ಕುಳಿತ. ನೌಕರಿಗೆ ಸೇರಿ ನಾಲ್ಕು ವರ್ಷವಾಗಿದೆ. ಮನೆಗೆ ಮೊದಲ ಕಾರು ತರುವ ಉತ್ಸಾಹ. "ಅಂಕಲ್, ಎಸ್‌ಯುವಿ ತಗೊಳ್ಳಲಾ, ಸೆಡಾನ್ ತಗೊಳ್ಳಲಾ? ಅಪ್ಪನಿಗೆ ದೊಡ್ಡದೇ ಆಗಬೇಕಂತೆ" ಎಂದ. "ನಿನಗೆ?" ಎಂದು ಕೇಳಿದೆ. "ನನಗೂ ದೊಡ್ಡದೇ ಇಷ್ಟ. ಆದರೆ ದಿನಾ ಓಡಿಸೋನು ನಾನಲ್ವಾ?" ಎಂದು ನಕ್ಕ.

ಈ ಮಾತು ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ನಡೆಯುತ್ತಿರಬಹುದು. 2023-24ರಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 42 ಲಕ್ಷ ಪ್ರಯಾಣಿಕ ವಾಹನಗಳಲ್ಲಿ 25 ಲಕ್ಷ ಎಸ್‌ಯುವಿಯಂಥ ಎತ್ತರದ ಬಂಡಿಗಳೇ ಆಗಿದ್ದವು. ಎಲ್ಲರೂ ಕೊಳ್ಳುವುದನ್ನು ನಾವೂ ಕೊಳ್ಳಬೇಕೆ? ಈ ತಿಂಗಳು ಇದನ್ನೇ ಕುರಿತು ನಾಲ್ಕು ಮಾತು.

ಮೊದಲು ವ್ಯತ್ಯಾಸ ತಿಳಿಯೋಣ. ಮುಂದೆ ಎಂಜಿನ್, ನಡುವೆ ಜನ, ಹಿಂದೆ ಪ್ರತ್ಯೇಕ ಡಿಕ್ಕಿ, ನೆಲಕ್ಕೆ ಹತ್ತಿರವಾದ ಮೈ, ಇದು ಸೆಡಾನ್. ಎತ್ತರದ ಚಕ್ರ, ಎತ್ತರದ ಸೀಟು, ಚೌಕಾಕಾರದ ಮೈ, ಇದು ಎಸ್‌ಯುವಿ. ಇದರ ಮೂಲ ಉದ್ದೇಶ ಕಚ್ಚಾ ರಸ್ತೆ, ಕೆಸರು, ಗುಡ್ಡ. ಈಗ ಬರುವ ಬಹುಪಾಲು ಎಸ್‌ಯುವಿಗಳು ಹೆಸರಿಗೆ ಮಾತ್ರ ಹಾಗೆ. ಒಳಗೆ ಮಾಮೂಲಿ ಕಾರೇ, ಮೈ ಮಾತ್ರ ಎತ್ತರ.

ನಿಮ್ಮ ತಂದೆಯವರು ಮುಂಬಯಿಗೆ ಬಂದ ಕಾಲದಲ್ಲಿ ಕಾರು ಎಂದರೆ ಸೆಡಾನೇ. ನಮ್ಮ ನೆರೆಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಿತ್ತು. ಅಲ್ಲಿ ತಯಾರಾದ ಫಿಯೆಟ್, ಆಮೇಲೆ ಪ್ರೀಮಿಯರ್ ಪದ್ಮಿನಿ, ಈ ನಗರದ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ಓಡಿತು. ಎಂಜಿನ್ 1089 ಸಿಸಿ. ಉದ್ದ ನಾಲ್ಕು ಮೀಟರಿಗೂ ಕಡಿಮೆ, ಅಗಲ ಒಂದೂವರೆ ಮೀಟರಿಗೂ ಕಡಿಮೆ. ಅದರ ಕ್ಯಾರಿಯರ್ ಮೇಲೆ ಟ್ರಂಕು, ಹಾಸಿಗೆ, ತೆಂಗಿನಕಾಯಿ ಚೀಲ ಕಟ್ಟಿಕೊಂಡು ಎಷ್ಟು ಸಂಸಾರಗಳು ಚಾಳಿಗೆ ಬಂದಿಳಿದವೋ! 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಮರೆಯಾಯಿತು. ಊರು ಬೆಳೆಯಿತು, ಜನ ಬೆಳೆದರು, ಕಾರೂ ಬೆಳೆಯಿತು. ಗಲ್ಲಿಗಳು ಮಾತ್ರ ಅಷ್ಟೇ ಅಗಲ ಇವೆ.

ಇನ್ನು ನಿಮ್ಮ ದಿನದ ದಾರಿಯನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಎಲ್.ಬಿ.ಎಸ್. ರಸ್ತೆ; ಮೆಟ್ರೋ ಕಾಮಗಾರಿ ಅದನ್ನು ವರ್ಷಗಟ್ಟಲೆ ಹೇಗೆ ಇಕ್ಕಟ್ಟಾಗಿಸಿತೆಂಬುದನ್ನು ನಾವೆಲ್ಲ ಅನುಭವಿಸಿದ್ದೇವೆ. ಅಂಧೇರಿ ಕಡೆ ಹೋಗುವವರಿಗೆ ಅಸಲ್ಫಾದ ಮೇಲಿನ ಲಿಂಕ್ ರೋಡ್. ಸಂಜೆ ಸ್ಟೇಶನ್ ಬಳಿಯ ಎಂ.ಜಿ. ರಸ್ತೆ, ರಿಕ್ಷಾ, ತರಕಾರಿ ಗಾಡಿ, ಬೆಸ್ಟ್ ಬಸ್ಸು, ನಡುವೆ ಜನ. ಇಲ್ಲಿ ಬೇಕಾದದ್ದು ಶಕ್ತಿಯಲ್ಲ, ಸುಲಭವಾಗಿ ತಿರುಗುವ ಗುಣ. ಡಿಜೈರಿನ ತಿರುಗು ತ್ರಿಜ್ಯ 4.8 ಮೀಟರ್, ಫಾರ್ಚೂನರಿನದು 5.8. ಒಂದು ಮೀಟರಿನ ಈ ಅಂತರವೆಂದರೆ, ಒಬ್ಬನು ಒಂದೇ ಸುತ್ತಿಗೆ ಯು-ಟರ್ನ್ ಮುಗಿಸುವಲ್ಲಿ ಇನ್ನೊಬ್ಬನು ಹಿಂದೆ ಮುಂದೆ ಮಾಡುತ್ತಾ ಹತ್ತು ಹಾರನ್ ಕೇಳಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕಾರಿನ ಹಾಸಿಗೆ ಯಾವುದು? ಸೊಸೈಟಿಯ ಪಾರ್ಕಿಂಗ್. ಮುಂಬಯಿಯ 1991ರ ಅಭಿವೃದ್ಧಿ ನಿಯಮಗಳ ಪ್ರಕಾರ ಒಂದು ಕಾರಿಗೆ 2.5 ಮೀಟರ್ ಅಗಲ, 5.5 ಮೀಟರ್ ಉದ್ದದ ಜಾಗ. ಆದರೆ ಅರ್ಧದಷ್ಟನ್ನು 2.3ಕ್ಕೆ 4.5 ಮೀಟರಿನ ಸಣ್ಣ ಜಾಗವಾಗಿ ಕೊಡಲು ಅವಕಾಶವಿತ್ತು. ನಿಮ್ಮ ಪಾಲಿಗೆ ಬಂದದ್ದು ಸಣ್ಣದಾದರೆ ಲೆಕ್ಕ ಹಾಕಿ. ಡಿಜೈರಿನ ಅಗಲ 1.735 ಮೀಟರ್, ಎರಡೂ ಬದಿ ಸೇರಿ 56 ಸೆಂಟಿಮೀಟರ್ ಉಳಿಯುತ್ತದೆ. ಸ್ಕಾರ್ಪಿಯೋ-ಎನ್ 1.917 ಮೀಟರ್, ಉಳಿಯುವುದು 38 ಸೆಂಟಿಮೀಟರ್, ಅಂದರೆ ಬದಿಗೆ ಒಂದು ಗೇಣಿಗಿಂತಲೂ ಕಡಿಮೆ. ಪಕ್ಕದಲ್ಲಿ ಕಂಬವಿದ್ದರೆ ಬಾಗಿಲು ತೆರೆದು ಇಳಿಯುವುದು ಹೇಗೆ? ಫಾರ್ಚೂನರಿನ ಉದ್ದ 4.795 ಮೀಟರ್, ಮೂಗು ಒಂದಡಿ ಹೊರಗೇ. ನ್ಯಾಯಕ್ಕೆ ಹೇಳಬೇಕಾದರೆ, ಹೋಂಡಾ ಸಿಟಿಯಂಥ ಉದ್ದನೆಯ ಸೆಡಾನೂ ಇಲ್ಲಿ ನಾಲ್ಕು ಬೆರಳು ಹೊರಗೆ ಚಾಚುತ್ತದೆ. ಯಂತ್ರದ ಪಾರ್ಕಿಂಗ್ ಇರುವ ಹೊಸ ಕಟ್ಟಡಗಳಲ್ಲಿ ಎತ್ತರಕ್ಕೂ ತೂಕಕ್ಕೂ ಮಿತಿಯುಂಟು. ಆದ್ದರಿಂದ ಶೋರೂಮಿಗೆ ಹೋಗುವ ಮುನ್ನ ಅಳತೆಪಟ್ಟಿ ಹಿಡಿದು ಕಟ್ಟಡದ ಕೆಳಗೆ ಇಳಿಯಿರಿ.

ಹಣದ ವಿಷಯ. ದಿನಕ್ಕೆ 30 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿಸಿದರೆ 9,000 ಕಿಲೋಮೀಟರ್. ನಿಂತು ನಿಂತು ಸಾಗುವ ನಮ್ಮ ರಸ್ತೆಯಲ್ಲಿ ಸೆಡಾನ್ ಲೀಟರಿಗೆ 15, ದೊಡ್ಡ ಎಸ್‌ಯುವಿ 10 ಕೊಡುತ್ತದೆಂದು ಹಿಡಿಯಿರಿ. ಒಂದಕ್ಕೆ 600 ಲೀಟರ್, ಇನ್ನೊಂದಕ್ಕೆ 900. ಲೀಟರಿಗೆ ನೂರು ರೂಪಾಯಿ ಎಂದರೂ ವರ್ಷಕ್ಕೆ 30,000 ರೂಪಾಯಿ ವ್ಯತ್ಯಾಸ. ತೆರಿಗೆಯಲ್ಲೂ ಭೇದವಿದೆ. 2025ರ ಸೆಪ್ಟೆಂಬರ್ 22ರಿಂದ, ಉದ್ದ ನಾಲ್ಕು ಮೀಟರಿಗೂ ಎಂಜಿನ್ 1200 ಸಿಸಿಗೂ ಮೀರದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18, ದೊಡ್ಡವಕ್ಕೆ, ಸೆಡಾನಾಗಲಿ ಎಸ್‌ಯುವಿಯಾಗಲಿ, ಶೇ. 40. ಡಿಜೈರಿನ ಉದ್ದ ಸರಿಯಾಗಿ 3,995 ಮಿಲಿಮೀಟರ್ ಏಕೆಂದು ಈಗ ತಿಳಿಯಿತಷ್ಟೆ? ಕಂತು ಏಳು ವರ್ಷದ್ದಾದರೆ ನೆನಪಿಡಿ, ಆ ಏಳು ವರ್ಷಗಳೊಳಗೇ ನಿಮ್ಮ ಮದುವೆ, ತಂಗಿಯ ಓದು, ತಂದೆಯವರ ನಿವೃತ್ತಿ ಎಲ್ಲವೂ ಬರುತ್ತವೆ.

"ಖರ್ಚು ಆಗಲಿ ಅಂಕಲ್, ದೊಡ್ಡದು ಸೇಫ್ ಅಲ್ವಾ?" ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಡಿಕ್ಕಿಯಾದಾಗ ಭಾರದ ವಾಹನದೊಳಗೆ ಕುಳಿತವರಿಗೆ ಅನುಕೂಲ ಹೆಚ್ಚೆಂಬುದು ನಿಜ. ಆದರೆ ರಕ್ಷಣೆ ಎತ್ತರದಿಂದಲ್ಲ, ಕಟ್ಟಿದ ರೀತಿಯಿಂದ ಬರುತ್ತದೆ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಪರೀಕ್ಷಿಸಿದ, ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೋಗೆ ಒಂದು ನಕ್ಷತ್ರವೂ ಸಿಗಲಿಲ್ಲ. 2022ರಲ್ಲಿ ಅದೇ ಮನೆತನದ ಸ್ಕಾರ್ಪಿಯೋ-ಎನ್ ಐದು ನಕ್ಷತ್ರ ಪಡೆಯಿತು. 2023ರಲ್ಲಿ ವರ್ಟಸ್, ಸ್ಲಾವಿಯಾ, 2024ರಲ್ಲಿ ಡಿಜೈರ್, ಈ ಮೂರು ಸೆಡಾನುಗಳೂ ಐದು ನಕ್ಷತ್ರ ಗಳಿಸಿದವು. ಆಕಾರ ನೋಡಬೇಡಿ, ಅಂಕಪಟ್ಟಿ ನೋಡಿ.

ಬೆಲ್ಟ್ ಕಟ್ಟದಿದ್ದರೆ ಯಾವ ಅಂಕವೂ ಕಾಯದು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಜಿಲ್ಲೆಯ ಚಾರೋಟಿ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಪಘಾತದಲ್ಲಿ ತೀರಿಕೊಂಡರು. ವಾಹನ ಬೆಲೆಬಾಳುವ ಎಸ್‌ಯುವಿ. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಕಟ್ಟಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಮುಂದಿದ್ದ ಇಬ್ಬರು ಬದುಕುಳಿದರು. ನಮ್ಮ ಮನೆಗಳಲ್ಲಿ ಹಿಂದಿನ ಸೀಟು ಯಾರದು? ಅಪ್ಪ ಅಮ್ಮನದು.

ಮಳೆಗಾಲದ ಮಾತೂ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು, ಕಾರಿನೊಳಗೇ ಸಿಕ್ಕಿ ಉಸಿರುಗಟ್ಟಿ ಸತ್ತವರನ್ನು ಮುಂಬಯಿ ಮರೆತಿಲ್ಲ. ಅಂದಿನಿಂದ ಅನೇಕರು ಎತ್ತರದ ಬಂಡಿಯನ್ನು ನೆಚ್ಚಿಕೊಂಡರು. ಕುರ್ಲಾದ ಶೀತಲ್ ಸಿನೆಮಾ ಬಳಿ ಮೊಣಕಾಲಿಗಿಂತ ಕೆಳಗೆ ನೀರು ನಿಂತಾಗ ಎಸ್‌ಯುವಿ ದಾಟೀತು, ಸೆಡಾನ್ ನಿಂತೀತು, ಒಪ್ಪುತ್ತೇನೆ. ಆದರೆ ಎತ್ತರ ಕೊಡುವ ಧೈರ್ಯವೇ ಅಪಾಯ. 2019ರ ಜುಲೈ ಆರಂಭದ ಮಳೆಯಲ್ಲಿ ಮಲಾಡ್ ಸಬ್‌ವೇಯ ನೀರಿಗಿಳಿದು ಇಬ್ಬರು ಪ್ರಾಣ ಕಳೆದುಕೊಂಡದ್ದು ಎಸ್‌ಯುವಿಯೊಳಗೇ. ಎರಡಡಿ ಹರಿಯುವ ನೀರು ದೊಡ್ಡ ವಾಹನವನ್ನೂ ಎತ್ತಿ ಒಯ್ಯಬಲ್ಲದು. ಯಾವುದೇ ಕಾರಿರಲಿ, ನೀರು ಕಂಡ ಕೂಡಲೇ ಹಿಂದೆ ತಿರುಗಿ. ನೀರಲ್ಲಿ ನಿಂತ ಎಂಜಿನನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ಆ ಹಾನಿಯನ್ನು ಸಾಮಾನ್ಯ ವಿಮೆ ಕಟ್ಟಿಕೊಡುವುದಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದೆ ನಾನೂ ಒಂದು ಭಾರೀ ಬಂಡಿ ಕೊಂಡಿದ್ದೆ. ಕಾರಣ ಬೇರೇನಲ್ಲ. ಊರ ಜಾತ್ರೆಗೆ ಹೋಗಿ ಮನೆಯಂಗಳದಲ್ಲಿ ನಿಲ್ಲಿಸಬೇಕು, ನಾಲ್ಕು ಜನ ನೋಡಬೇಕು. ನಿಲ್ಲಿಸಿದೆ, ನೋಡಿದರು. ಆ ಎರಡು ದಿನದ ಸಂತೋಷ ಸುಳ್ಳೆಂದು ಹೇಳಲಾರೆ. ಟ್ರಂಕು ಹೊತ್ತು ಬಸ್ಸು ಹತ್ತಿದ ದಿನ ನೆನಪಾಗಿ ಕಣ್ಣು ತುಂಬಿತ್ತು.

ಮುಂಬಯಿಗೆ ಮರಳಿದ ಮೇಲೆ ಒಂದು ಸಂಜೆ ಗಡಿಬಿಡಿಯಲ್ಲಿ ಹೊರಟಿದ್ದೆ. ಗಾಡಿ ಸ್ಟಾರ್ಟ್ ಮಾಡಿ ಗೇರ್ ಹಾಕಿದೆ. ಅಷ್ಟರಲ್ಲಿ ನಮ್ಮ ವಾಚ್‌ಮನ್ ಓಡಿ ಬಂದು ಎರಡೂ ಕೈಯಿಂದ ಬಾನೆಟ್ ಬಡಿದ. ಕೋಪದಿಂದಲೇ ಇಳಿದು ನೋಡಿದರೆ, ಬಂಪರಿನ ಮುಂದೆ ಅವನ ನಾಲ್ಕು ವರ್ಷದ ಮಗಳು ಕುಳಿತು ನೆಲದ ಮೇಲೆ ಚಾಕಿನಲ್ಲಿ ಮನೆಯ ಚಿತ್ರ ಬರೆಯುತ್ತಿದ್ದಳು. ನನ್ನ ಸೀಟಿನಿಂದ ಆ ಮಗು ಕಾಣುತ್ತಲೇ ಇರಲಿಲ್ಲ. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಮಗಳನ್ನೆತ್ತಿಕೊಂಡು ಹೋದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವರ್ಷ ತುಂಬುವ ಮೊದಲು ಗಾಡಿ ಮಾರಿದೆ.

ಕುಳಿತ ಮಗು ಸೆಡಾನಿನ ಮುಂದೂ ಕಾಣದೆ ಹೋಗಬಹುದು. ಹೊರಡುವ ಮುನ್ನ ಕಾರಿಗೆ ಒಂದು ಸುತ್ತು ಬರುವುದು ಎಲ್ಲರ ಕರ್ತವ್ಯ. ಆದರೆ ಬಾನೆಟ್ ಎತ್ತರವಾದಷ್ಟೂ ಕಣ್ಣಿಗೆ ಬೀಳದ ಜಾಗ ಹೆಚ್ಚುತ್ತದೆ, ತಗುಲಿದರೆ ಪೆಟ್ಟು ಕಾಲಿಗಲ್ಲದೆ ಎದೆಗೆ, ತಲೆಗೆ ಬೀಳುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಬಾನೆಟ್ 40 ಇಂಚಿಗಿಂತ ಎತ್ತರವಿರುವ ವಾಹನ ತಗುಲಿದರೆ, 30 ಇಂಚಿನೊಳಗಿನ ಇಳಿಜಾರು ಬಾನೆಟ್ಟಿನ ಕಾರಿಗಿಂತ ಪಾದಚಾರಿ ಸಾಯುವ ಸಂಭವ ಸುಮಾರು ಶೇ. 45ರಷ್ಟು ಹೆಚ್ಚು. ಫುಟ್‌ಪಾತ್ ಇಲ್ಲದ ನಮ್ಮ ಗಲ್ಲಿಗಳಲ್ಲಿ ಪಾದಚಾರಿಗಳೆಂದರೆ ಬೇರೆ ಯಾರೋ ಅಲ್ಲ, ಸ್ಟೇಶನ್ನಿಂದ ನಡೆದು ಬರುವ ನಿಮ್ಮ ತಾಯಿ, ಕ್ಲಾಸಿನಿಂದ ಬರುವ ತಂಗಿ.

ಹಾಗಾದರೆ ಎಸ್‌ಯುವಿ ಯಾರಿಗೂ ಬೇಡವೆ? ಹಾಗಲ್ಲ. ಅಜ್ಜ ಅಜ್ಜಿ ಸೇರಿ ಆರೇಳು ಜನರ ಕೂಡು ಕುಟುಂಬ ವಾರ ವಾರ ಒಟ್ಟಿಗೆ ಓಡಾಡುವುದಾದರೆ ಅದು ಬೇಕು. ಕೆಲಸಕ್ಕಾಗಿ ಕಚ್ಚಾ ರಸ್ತೆಗಿಳಿಯುವವರಿಗೂ ಬೇಕು. ಮಂಡಿನೋವಿನವರಿಗೆ ಸೆಡಾನಿನ ತಗ್ಗಿದ ಸೀಟಿನಿಂದ ಏಳುವುದು ಕಷ್ಟ; ಭಾರೀ ಎಸ್‌ಯುವಿಯ ಮೆಟ್ಟಿಲು ಏರುವುದೂ ಅಷ್ಟೇ ಕಷ್ಟ. ನಡುವಿನ ಎತ್ತರದ್ದೇ ಅವರಿಗೆ ಹಿತ. ಐದು ಜನ, ಡಿಕ್ಕಿ ತುಂಬ ಸಾಮಾನು ಹೊತ್ತ ಸೆಡಾನ್ ಊರಿನ ಉಬ್ಬಿಗೆ ಹೊಟ್ಟೆ ತಾಗಿಸುವುದೂ ಉಂಟು. ಹಾಗೆಯೇ, ಮೂರು ಸಾಲಿನ ಎಸ್‌ಯುವಿಯಲ್ಲಿ ಏಳು ಜನ ಕುಳಿತರೆ ಕುಚ್ಚಲಕ್ಕಿಗೂ ಹಲಸಿನ ಹಣ್ಣಿಗೂ ಜಾಗ ಇರುವುದಿಲ್ಲ. ಸೆಡಾನ್ ಕೊಳ್ಳುವವರು ಸಿಎನ್‌ಜಿ ಹಾಕಿಸಿದರೆ ಡಿಕ್ಕಿಯ ಬಹುಪಾಲು ಸಿಲಿಂಡರಿಗೇ ಹೋಗುತ್ತದೆಂಬುದೂ ತಿಳಿದಿರಲಿ.

ಕೊನೆಗೆ ಊರಿನ ಪ್ರಶ್ನೆ. ವರ್ಷಕ್ಕೆ ಎರಡು ಸಲ ಊರು, ಉಳಿದ ದಿನ ಎಲ್.ಬಿ.ಎಸ್. ರಸ್ತೆ. ಎರಡು ಪಯಣಕ್ಕಾಗಿ ವರ್ಷವಿಡೀ ಆನೆ ಸಾಕಬೇಕೆ? ಕರಾವಳಿಯವರಿಗೆ ಪಕ್ಕದ ಎಲ್‌ಟಿಟಿಯಿಂದಲೇ ಮತ್ಸ್ಯಗಂಧ ಹೊರಡುತ್ತದೆ. ಎಲ್ಲರೂ ಸೇರಿ ಹೋಗುವಾಗ ಊರಲ್ಲಿ ದೊಡ್ಡ ವಾಹನವನ್ನು ಬಾಡಿಗೆಗೆ ಹಿಡಿಯಬಹುದು.

ಆ ಹುಡುಗನಿಗೆ ನಾನು ಇದು ಕೊಳ್ಳು, ಅದು ಬೇಡ ಎನ್ನಲಿಲ್ಲ. ಮೂರು ಕೆಲಸ ಹೇಳಿದೆ. ಪಾರ್ಕಿಂಗ್ ಅಳೆ. ಅಪ್ಪ ಅಮ್ಮನನ್ನು ಎರಡೂ ಕಾರುಗಳಲ್ಲಿ ಹತ್ತಿಸಿ ಇಳಿಸಿ ನೋಡು. ಟೆಸ್ಟ್ ಡ್ರೈವನ್ನು ಹೈವೇಯಲ್ಲಿ ಮಾಡಬೇಡ, ಸಂಜೆ ಏಳಕ್ಕೆ ಸ್ಟೇಶನ್ ರಸ್ತೆಯಲ್ಲಿ ಮಾಡು.

ಮೊನ್ನೆ ಅವನ ತಂದೆ ಸಿಕ್ಕಿದ್ದರು. ಮಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದೊಡ್ಡ ಗಾಡಿಯನ್ನು ಎಂ.ಜಿ. ರಸ್ತೆಗೆ ತಂದನಂತೆ. ಮುಕ್ಕಾಲು ಗಂಟೆ ಹಿಡಿಯಿತಂತೆ. "ಮಾರಾಯ್ರೇ, ಅವನು ಬೆವರಿದ್ದು ನೋಡಿ ನನಗೆ ಊರಿನ ಅಂಗಳ ಮರೆತೇ ಹೋಯ್ತು" ಎಂದರು. ಈಗ ಮನೆಗೆ ಬಿಳಿ ಬಣ್ಣದ ಸೆಡಾನ್ ಬಂದಿದೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟುವುದಕ್ಕೆ ಮಾತ್ರ ಅವರಿನ್ನೂ ಗೊಣಗುತ್ತಾರಂತೆ. ಮಗ ಕಟ್ಟುವ ತನಕ ಗಾಡಿ ಬಿಡುವುದಿಲ್ಲವಂತೆ. ಒಳ್ಳೆಯ ಮಗ.

ನಿಮ್ಮ ಮನೆಯಲ್ಲಿ ಏನು ತೀರ್ಮಾನವಾಯಿತು? ದೊಡ್ಡದನ್ನೇ ಕೊಂಡು ಸುಖವಾಗಿದ್ದರೆ ಅದನ್ನೂ ಬರೆಯಿರಿ, ಪ್ರಕಟಿಸೋಣ. ಕನ್ನಡದಲ್ಲಿ ಬರೆಯುವುದು ಕಷ್ಟವೆನಿಸಿದರೆ ನೀವು ಹೇಳಿ, ಅಮ್ಮನ ಕೈಯಲ್ಲಿ ಬರೆಸಿ. ಆ ನೆಪದಲ್ಲಿ ಒಂದು ಗಂಟೆ ಇಬ್ಬರೂ ಒಟ್ಟಿಗೆ ಕುಳಿತಂತೆಯೂ ಆಗುತ್ತದೆ.