ಬೆಟ್ಟ ದಾಟಿಸಿದವರ ಹೆಸರು ಎಲ್ಲಿ?

ಹೋದ ಸೆಮಿಸ್ಟರ್‌ನಲ್ಲಿ ನಮಗೆಲ್ಲ ಒಂದು ಮೋಟಿವೇಶನಲ್ ಟಾಕ್ ಇತ್ತು. ಅಟೆಂಡೆನ್ಸ್ ಕೊಡ್ತಾರೆ ಅಂತಲೇ ಹೋಗಿದ್ವಿ, ಸುಳ್ಳು ಯಾಕೆ. ಅಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಕಥೆ ಬಂತು. ಅಮೆರಿಕದ ಅಧ್ಯಕ್ಷ ಜೆಫರ್ಸನ್ ಕಳಿಸಿದ ತಂಡ, ಹಿಮ, ಹಸಿವು, ಕೊನೆಗೆ ಪೆಸಿಫಿಕ್ ಸಾಗರ. ಛಲ ಇದ್ರೆ ಬೆಟ್ಟವೂ ದಾರಿ ಬಿಡುತ್ತೆ ಅನ್ನೋ ಸ್ಲೈಡಿಗೆ ಚಪ್ಪಾಳೆಯೂ ಬಿತ್ತು. ಹಾಸ್ಟೆಲ್‌ಗೆ ಬಂದು ಓದಿ ನೋಡಿದ್ವಿ. ಆ ಸ್ಲೈಡಿನ ಬಗ್ಗೆ ನಮಗೆ ತಕರಾರಿದೆ.

ಮೊದಲನೆಯದಾಗಿ, ಅವರ ಕಷ್ಟ ಶುರುವಾಗಿದ್ದೇ ಒಂದು ತಪ್ಪು ಅಸಂಪ್ಷನ್‌ನಿಂದ. ಪೂರ್ವದ ಬೆಟ್ಟಗಳ ಹಾಗೇ ಪಶ್ಚಿಮದಲ್ಲೂ ಒಂದು ಸಾಲು ಇರುತ್ತೆ, ಅದನ್ನ ಹತ್ತಿಳಿದರೆ ಆ ಕಡೆ ದೋಣಿ ಹಾಕಬಹುದು ಅಂತ ಅಂದುಕೊಂಡಿದ್ದರು. 1805ರ ಆಗಸ್ಟ್ 12ರಂದು ಲೂಯಿಸ್ ಲೆಮ್‌ಹೈ ಕಣಿವೆಯ ನೆತ್ತಿ ಹತ್ತಿ ನೋಡ್ತಾನೆ: ಮುಂದೆ ಬೆಟ್ಟ, ಅದರಾಚೆ ಮತ್ತೆ ಹಿಮ ಹೊದ್ದ ಬೆಟ್ಟ. ಕುದುರೆ ಕೊಟ್ಟು, ದಾರಿ ಹೇಳಿದ್ದು ಶೋಶೋನಿ ಜನ. ಅವರ ಮುಖಂಡ ಕಮಿಯಾವೈಟ್, ತಂಡದ ಜೊತೆ ಹಸುಗೂಸು ಹೊತ್ತು ನಡೆದಿದ್ದ ಸಕಾಗಾವಿಯಾಳ ಅಣ್ಣ.

ಸೆಪ್ಟೆಂಬರ್ 11ಕ್ಕೆ ಬಿಟರ್‌ರೂಟ್ ಬೆಟ್ಟದ ಕಡೆ ಹೊರಟರು. 'ಓಲ್ಡ್ ಟೋಬಿ' ಅಂತ ಇವರೇ ಹೆಸರಿಟ್ಟ ಶೋಶೋನಿ ಮುದುಕ ದಾರಿ ತೋರಿಸ್ತಿದ್ದ. ಅವನೂ ಒಂದು ಕಡೆ ತಪ್ಪಿ ನದಿಗೆ ಇಳಿಸಿಬಿಟ್ಟ. 14ರ ರಾತ್ರಿ ಬೇಟೆ ಸಿಗದೆ ಕುದುರೆ ಮರಿ ಕೊಂದು ತಿಂದರು. ಮಾರನೇ ದಿನ ಮತ್ತೆ ಏರು ಹತ್ತುವಾಗ ಕುದುರೆಗಳು ಉರುಳಿದವು, ಕ್ಲಾರ್ಕ್‌ನ ಬರೆಯೋ ಮೇಜು ಪುಡಿಯಾಯ್ತು. 16ಕ್ಕೆ ಹಿಮ. ತೆಳು ಚರ್ಮದ ಪಾದರಕ್ಷೆಯಲ್ಲಿ ಕಾಲು ಹೆಪ್ಪುಗಟ್ಟುತ್ತೇನೋ ಅಂತ ಕ್ಲಾರ್ಕ್ ಹೆದರಿದ್ದನ್ನ ದಿನಚರಿಯಲ್ಲಿ ಬರೆದಿದ್ದಾನೆ. ಫಿಲಡೆಲ್ಫಿಯಾದಲ್ಲಿ 193 ಪೌಂಡ್ ಒಣ ಸೂಪ್ ಕೊಂಡಿದ್ದರು, ಯಾರಿಗೂ ರುಚಿಸದ ಅದೇ ಈಗ ಊಟ. (ನಮ್ಮ ಮೆಸ್ ಸಾಂಬಾರ್ ಬೈಯೋರು ಗಮನಿಸಿ.) ಬಯಲು ಸಿಕ್ಕಾಗ ಮೀನು, ಕ್ಯಾಮಸ್ ಗೆಡ್ಡೆ ಕೊಟ್ಟು ಬದುಕಿಸಿದ್ದು ನೆಜ್ ಪರ್ಸ್ ಜನ. ತಂಡದವರು ಹೆದರಿ ಹೆದರಿ ದಾಟಿದ ಆ ದಾರಿ, ಅವರಿಗೆ ಕಾಡೆಮ್ಮೆ ಬೇಟೆಗೆ ಹೋಗಿಬರೋ ದಾರಿ!

ಸ್ಲೈಡಿನಲ್ಲಿ ಇಲ್ಲದ ಭಾಗ 1806ರದ್ದು. ವಾಪಸ್ ಬರುವಾಗ ಜೂನ್‌ನಲ್ಲಿ ತಾವೇ ದಾಟ್ತೀವಿ ಅಂತ ಹೊರಟರು. ಆಳು ಮುಳುಗುವಷ್ಟು ಹಿಮ, ಕೆಳಗೆ ಕಾಲುದಾರಿಯ ಸುಳಿವೇ ಇಲ್ಲ. ಹಿಂದಿರುಗಿದರು. ಆಮೇಲೆ ನೆಜ್ ಪರ್ಸ್ ಹುಡುಗರನ್ನ ಕರ್ಕೊಂಡು ಹೋದರು. ಗಟ್ಟಿ ಹಿಮದ ಮೇಲೇ ಕುದುರೆ ನಡೆಸಿ, ಎಲ್ಲಿ ಹುಲ್ಲು ಸಿಗುತ್ತೋ ಅಲ್ಲಿಗೇ ಸಂಜೆ ಮುಟ್ಟಿಸಿ, ಸುಮಾರು ಆರು ದಿನದಲ್ಲಿ ದಾಟಿಸಿಬಿಟ್ಟರು. ಅದೇ ಬೆಟ್ಟ, ಅದೇ ತಂಡ, ಛಲವೂ ಅಷ್ಟೇ. ಬದಲಾದ ವೇರಿಯಬಲ್ ಯಾವುದು ಅಂತ ಇಂಜಿನಿಯರಿಂಗ್ ಓದೋರಿಗೆ ಹೇಳಬೇಕಾ?

ಓಲ್ಡ್ ಟೋಬಿ ಸಂಬಳ ಇಸ್ಕೊಳ್ಳದೇ ಊರಿಗೆ ಹೊರಟುಹೋಗಿದ್ದ. ಸೈನಿಕರಿಗೆ ಡಬಲ್ ಸಂಬಳ, 320 ಎಕರೆ ಜಮೀನು. ಸಕಾಗಾವಿಯಾಳ ಗಂಡನಿಗೆ ದುಡ್ಡು ಬಂತು, ಅವಳಿಗೆ ಇಲ್ಲ. ಕ್ಲಾರ್ಕ್‌ನ ಗುಲಾಮ ಯಾರ್ಕ್‌ಗೆ ಬಿಡುಗಡೆ ಕೂಡ ಸಿಗಲಿಲ್ಲ.

ಇನ್ನೂರು ವರ್ಷದ ಹಿಂದಿನೋರನ್ನ ಬೈಯೋದು ಸುಲಭ. ನಮ್ಮದೇ ಪ್ರಾಜೆಕ್ಟ್ ನೋಡಿ. ಸಿಮ್ಯುಲೇಶನ್‌ನಲ್ಲಿ ಓಡಿದ ಮೋಟರ್ ಎರಡನೇ ದಿನಕ್ಕೆ ಸುಟ್ಟಿತು. "ಈ ಲೋಡ್ ಇದು ಎಳೆಯಲ್ಲ ಕಣ್ರೋ" ಅಂತ ವರ್ಕ್‌ಶಾಪ್ ಅಟೆಂಡರ್ ಅಣ್ಣ ಮೊದಲೇ ಹೇಳಿದ್ದರು, ನಾವು ನಕ್ಕಿದ್ವಿ. ಆಮೇಲೆ ಮೂಲೆಯಲ್ಲಿದ್ದ ಹಳೇ ಗೇರ್‌ಬಾಕ್ಸ್ ಬಿಚ್ಚಿ, ಎರಡು ಸಂಜೆ ನಮ್ಮ ಜೊತೆ ಕೂತು ಸರಿ ಮಾಡಿಕೊಟ್ಟಿದ್ದು ಅವರೇ. ನಮ್ಮ ರಿಪೋರ್ಟಿನ ಅಕ್ನಾಲೆಡ್ಜ್‌ಮೆಂಟ್ ಪುಟದಲ್ಲಿ ಪ್ರಿನ್ಸಿಪಾಲ್, ಎಚ್‌ಓಡಿ, ಗೈಡ್, ತಂದೆತಾಯಿ, ದೇವರು ಎಲ್ಲ ಇದ್ದಾರೆ. ಅಣ್ಣನ ಹೆಸರು ಹಾಕೋಣ ಅಂದಾಗ ನಾಲ್ವರಲ್ಲಿ ಇಬ್ಬರು "ಫಾರ್ಮ್ಯಾಟ್‌ನಲ್ಲಿ ಇಲ್ವಲ್ಲ" ಅಂದರು. ಅವರ ಪೂರ್ತಿ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಅನ್ನೋದೂ ಆಗಲೇ ಗೊತ್ತಾಗಿದ್ದು. ಬೈಂಡಿಂಗ್‌ಗೆ ಕೊಡೋದು ಸೋಮವಾರ. ಅಷ್ಟರೊಳಗೆ ವರ್ಕ್‌ಶಾಪ್‌ಗೆ ಹೋಗಿ ಕೇಳ್ಕೊಂಡು ಬರ್ತೀವಿ.