ಸಿಮೆಂಟ್ ಒಡೆತನದ ಬದಲಾವಣೆ: ನಾವು ಕೇಳಬೇಕಾದ ಲೆಕ್ಕ

2024ರ ಡಿಸೆಂಬರಿನಲ್ಲಿ ತಮಿಳುನಾಡಿನ ಹಳೆಯ ಕಂಪನಿ ಇಂಡಿಯಾ ಸಿಮೆಂಟ್ಸ್, ಆದಿತ್ಯ ಬಿರ್ಲಾ ಸಮೂಹದ ಅಲ್ಟ್ರಾಟೆಕ್‌ನ ಅಧೀನಕ್ಕೆ ಬಂದಿತು. ಮರುವರ್ಷ ಕೇಸೋರಾಮ್‌ನ ಸಿಮೆಂಟ್ ವ್ಯವಹಾರವೂ, ಅದರೊಡನೆ ಕಲಬುರಗಿ ಜಿಲ್ಲೆಯ ಸೇಡಂ ಕಾರ್ಖಾನೆಯೂ ಅಲ್ಲಿಗೇ ಸೇರಿದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಅಲ್ಟ್ರಾಟೆಕ್‌ನ ಕಾರ್ಖಾನೆ ಮೊದಲೇ ಇತ್ತು.

ಹೊಸ ಕಾರ್ಖಾನೆ ಕಟ್ಟಲು ವರ್ಷಗಳು ಬೇಕು. ಕೊಂಡರೆ ಸುಣ್ಣಕಲ್ಲಿನ ಗಣಿ, ಪರವಾನಗಿ, ಮಾರಾಟದ ಜಾಲ ಒಮ್ಮೆಗೇ ದೊರೆಯುತ್ತವೆ. ಆದರೆ ಇದರಿಂದ ದೇಶದ ಉತ್ಪಾದನಾ ಸಾಮರ್ಥ್ಯ ತಾನಾಗಿ ಹೆಚ್ಚದು, ಮಾರುವವರ ಸಂಖ್ಯೆ ಮಾತ್ರ ಕುಗ್ಗುತ್ತದೆ. ಉದಕಮಂಡಲ, ಗೂಡಲೂರು, ಮಸಿನಗುಡಿಗಳಿಗೆ ಪ್ರತಿ ಚೀಲವೂ ಘಟ್ಟವನ್ನೋ ಕಾಡನ್ನೋ ದಾಟಿ ಬರಬೇಕು. ಸಾಗಣೆಯ ವೆಚ್ಚದ ಮೇಲೆ ಪೈಪೋಟಿಯೂ ತಗ್ಗಿದರೆ, ಮನೆ ಕಟ್ಟುವ ಕೂಲಿಕಾರ ಕುಟುಂಬಕ್ಕೂ ಗೋಡೆ ದುರಸ್ತಿಗೆ ಕಾದಿರುವ ಶಾಲೆಗೂ ಅದೇ ಹೊರೆ.

2050ರೊಳಗೆ ನಿವ್ವಳ ಶೂನ್ಯ ಇಂಗಾಲದ ಗುರಿಯನ್ನು ಅಲ್ಟ್ರಾಟೆಕ್ ಘೋಷಿಸಿದೆ. ಇದು ಸ್ವಾಗತಾರ್ಹ. ಆದರೆ ಸಿಮೆಂಟ್ ತಯಾರಿಕೆಯಲ್ಲಿ ಇಂಗಾಲದ ಡೈಆಕ್ಸೈಡಿನ ಅರ್ಧಕ್ಕಿಂತ ಹೆಚ್ಚು ಭಾಗ ಹೊರಡುವುದು ಕಾದ ಸುಣ್ಣಕಲ್ಲಿನಿಂದಲೇ. ಸೌರವಿದ್ಯುತ್ತು ಅದನ್ನು ತಡೆಯದು. ಹಾರುಬೂದಿ, ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿ ಕ್ಲಿಂಕರಿನ ಪ್ರಮಾಣ ತಗ್ಗಿಸಿದರೆ ಪ್ರತಿ ಟನ್ನಿನ ಲೆಕ್ಕ ಇಳಿಯುತ್ತದೆ. ಕೊಂಡ ಕಾರ್ಖಾನೆಗಳು ಸೇರಿದಾಗ ಕಂಪನಿಯ ಒಟ್ಟು ಲೆಕ್ಕ ಏರಬಹುದು.

ಆದ್ದರಿಂದ ಎರಡು ಅಂಕಿಗಳನ್ನೂ, ಅವುಗಳ ಪಕ್ಕದಲ್ಲಿ ಚೀಲದ ಬೆಲೆಯನ್ನೂ ಇಟ್ಟು ನೋಡುವುದನ್ನು ನಾವು ಮಕ್ಕಳಿಗೆ ಕಲಿಸೋಣ. ಆ ಲೆಕ್ಕ ಜನರ ಭಾಷೆಯಲ್ಲಿಯೇ ದೊರೆಯಲಿ ಎಂಬುದು ನಮ್ಮ ಆಗ್ರಹ.