ಹೋಗುತ್ತಿದ್ದೆ, ಯೂಸ್ಡ್ ಟು ಮತ್ತು ನಮ್ಮ ನಗು

ಮೊನ್ನೆ ನಮ್ಮ ಟೀಮಿನ ಇಂಟರ್‌ವ್ಯೂಗೆ ಒಬ್ಬ ಹುಡುಗ ಬಂದಿದ್ದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಇಂಜಿನಿಯರಿಂಗ್. ಕೋಡ್ ಚೆನ್ನಾಗೇ ಬರೆದ. ಈಗ ದಿನಾ ಏನು ಅಭ್ಯಾಸ ಮಾಡ್ತೀಯ ಅಂತ ಕೇಳಿದ್ದಕ್ಕೆ "ಐ ಯೂಸ್ ಟು ಪ್ರಾಕ್ಟೀಸ್ ಡೈಲಿ" ಅಂದ. ಹಳೇ ಲ್ಯಾಪ್‌ಟಾಪಿನ ಮಾತು ಬಂದಾಗ "ಐ ವಾಸ್ ಹ್ಯಾವಿಂಗ್ ಒನ್ ಲ್ಯಾಪ್‌ಟಾಪ್" ಅಂದ. ಅವನು ಆಚೆ ಹೋಗಿದ್ದೇ ತಡ, ಜೊತೆಗಿದ್ದವರು ನಕ್ಕರು. ನಾನೂ ನಕ್ಕೆ. ಐದು ವರ್ಷದ ಹಿಂದೆ ನಾನೂ ಹಾಗೇ ಮಾತಾಡುತ್ತಿದ್ದೆ ಅನ್ನೋದು ನೆನಪಾಗಿದ್ದು ಆಮೇಲೆ.

'ಮಾತಾಡುತ್ತಿದ್ದೆ' ಅನ್ನೋ ಆ ಪದವನ್ನೇ ನೋಡಿ. "ನೀನು ಬಂದಾಗ ಫೋನಲ್ಲಿ ಮಾತಾಡುತ್ತಿದ್ದೆ" ಅಂದರೆ ಇಂಗ್ಲಿಷಿನಲ್ಲಿ 'ವಾಸ್ ಟಾಕಿಂಗ್'. "ಚಿಕ್ಕವನಿದ್ದಾಗ ಅಜ್ಜಿ ಜೊತೆ ದಿನಾ ಮಾತಾಡುತ್ತಿದ್ದೆ" ಅಂದರೆ 'ಯೂಸ್ಡ್ ಟು ಟಾಕ್'. ನಮಗೆ ಒಂದೇ ರೂಪ ಸಾಕು, ಅವರಿಗೆ ಎರಡು ಬೇಕು. ಇದರ ಮೇಲೆ 'ವುಡ್' ಬೇರೆ! ಹಿಂದೆ ಮತ್ತೆ ಮತ್ತೆ ಮಾಡುತ್ತಿದ್ದ ಕೆಲಸಕ್ಕೆ ಅದು ನಡೆಯುತ್ತದೆ, ಹಿಂದಿನ ಸ್ಥಿತಿಗೆ ನಡೆಯೋದಿಲ್ಲ. "ನನ್ನ ಹತ್ತಿರ ಸೈಕಲ್ ಇತ್ತು" ಅನ್ನೋಕೆ 'ಯೂಸ್ಡ್ ಟು ಹ್ಯಾವ್' ಅಥವಾ ಬರೀ 'ಹ್ಯಾಡ್'. 'ವುಡ್ ಹ್ಯಾವ್' ಅಲ್ಲ, 'ವಾಸ್ ಹ್ಯಾವಿಂಗ್' ಕೂಡ ಅಲ್ಲ.

ಇನ್ನು ಆ 'ಯೂಸ್ ಟು'. ಕನ್ನಡದಲ್ಲಿ 'ಹೋಗುತ್ತಿದ್ದೆ'ಗೆ ಜೋಡಿಯಾಗಿ 'ಹೋಗುತ್ತಿರುತ್ತೇನೆ' ಇದೆ. ಹಾಗೇ 'ಯೂಸ್ಡ್ ಟು'ಗೂ ಒಂದು ಜೋಡಿ ಇರಬೇಕು ಅಂತ ಹುಡುಗ ಲೆಕ್ಕ ಹಾಕಿದ. ತರ್ಕದಲ್ಲಿ ತಪ್ಪೇನಿದೆ ಸ್ವಾಮಿ? ಷೇಕ್ಸ್‌ಪಿಯರ್ ಕಾಲದ ಇಂಗ್ಲಿಷಿನಲ್ಲಿ ಅದು ಇತ್ತು ಕೂಡ. ಆಮೇಲೆ ಬಿದ್ದುಹೋಯಿತು. ಈಗ ಬರೀ 'ಐ ಪ್ರಾಕ್ಟೀಸ್ ಡೈಲಿ'.

ತಪ್ಪನ್ನು ತಿದ್ದಬೇಡಿ ಅಂತ ನಾನು ಹೇಳ್ತಿಲ್ಲ. ಮಾತಿನಲ್ಲಿ 'ಯೂಸ್ಡ್ ಟು' ಕೇಳಿಸೋದೇ 'ಯೂಸ್ಟು' ಅಂತ. ನೀವು "ಐ ಯೂಸ್ ಟು ಟೆಸ್ಟ್ ಎವ್ರಿ ಬಿಲ್ಡ್" ಅಂದರೆ ಕ್ಲೈಂಟಿಗೆ ಕೇಳಿಸೋದು "ಮೊದಲು ಟೆಸ್ಟ್ ಮಾಡ್ತಿದ್ದೆ, ಈಗ ಬಿಟ್ಟಿದ್ದೀನಿ" ಅಂತ! ತಿದ್ದಲೇಬೇಕು. ಆದರೆ ಹೇಗೆ?

ನಾನು ಓದಿದ ಕಾಲೇಜಿನಲ್ಲಿ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ. "ಇಂಗ್ಲಿಷಿನಲ್ಲೇ ಯೋಚಿಸಿ" ಅನ್ನೋ ಉಪದೇಶ ಬೇರೆ. ಸಿ ಗೊತ್ತಿರುವವನಿಗೆ ಪೈಥಾನ್ ಹೇಳಿಕೊಡುವಾಗ "ಸಿ ಹೆಸರೆತ್ತಬೇಡ" ಅಂತ ಯಾರಾದರೂ ಹೇಳ್ತಾರಾ? ಗೊತ್ತಿರೋದರಿಂದಲೇ ಶುರು ಮಾಡ್ತೀವಿ ತಾನೆ? 'ಹೋಗುತ್ತಿದ್ದೆ', 'ಹೋಗುತ್ತಿರುತ್ತೇನೆ', 'ಇತ್ತು' ಈ ಮೂರನ್ನು ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ಇಂಗ್ಲಿಷ್ ಬರೆದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಪಾಠ ಇದು. ಅದನ್ನು ಮಾಡದೆ ದಂಡ ಹಾಕಿದರು. ಈಗ ನಾವು ಕೂತು ನಗುತ್ತೇವೆ, ಫಾರಮ್ಮಿನಲ್ಲಿ "ಕಮ್ಯುನಿಕೇಶನ್ ವೀಕ್" ಅಂತ ಬರೆಯುತ್ತೇವೆ. ಕೆಲಸ ತಪ್ಪೋದು ಮಾತ್ರ ಹುಡುಗನಿಗೆ.

ನಾಳೆ ಎರಡನೇ ರೌಂಡಿನ ಪಟ್ಟಿ ಕಳಿಸಬೇಕು. ಅವನ ಹೆಸರು ಅದರಲ್ಲಿ ಇರುತ್ತದೆ. ಜೊತೆಯವರು ಏನಾದರೂ ಅಂದರೆ ಈ 'ಮಾತಾಡುತ್ತಿದ್ದೆ' ಪುರಾಣವನ್ನು ಅವರಿಗೂ ಒಪ್ಪಿಸುತ್ತೇನೆ. ನೀವೇನಂತೀರಿ?